ಕೆಂಪು ಬಟ್ಟೆ ಕಟ್ಟಿದ ಕೊಳವೆ

ಗುರುವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ವಿಮಾನ ಇತ್ತು, ಅದರ ಆಲ್ಟಿಮೀಟರ್ ಇರಲಿಲ್ಲ.

ವಿಮಾನ ಅಂದರೆ ಪೂರ್ತಿ ವಿಮಾನ ಅಲ್ಲ ಮಾರಾಯ್ರೇ. ಹಳೇ ಮಿಗ್-21 ಯುದ್ಧವಿಮಾನದ ಮೂತಿ ಮತ್ತು ಪೈಲಟ್ ಕೂರುವ ಗೂಡು, ಅಷ್ಟೇ. ಅದನ್ನು ಗುಜರಿಯಿಂದ ತಂದು ನಜರ್‌ಬಾದಿನ ಶೆಡ್ಡಿನಲ್ಲಿಟ್ಟು, ಭಾನುವಾರ ಭಾನುವಾರ ಸುತ್ತ ಕೂತು ಕಾಫಿ ಕುಡಿಯುತ್ತಾ, ಯಾವ ವಿಮಾನ ಯಾವ ಯುದ್ಧದಲ್ಲಿ ಏನು ಮಾಡಿತು ಅಂತ ಜಗಳ ಆಡುವ ಬಳಗವೊಂದು ನಮ್ಮೂರಲ್ಲಿದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ನನಗೆ ಯುದ್ಧವಿಮಾನದ ಪರಿಚಯ ಅಂದರೆ ದಸರಾ ಏರ್ ಶೋ ಬಂದೋಬಸ್ತ್. ಜನ ಆಕಾಶ ನೋಡ್ತಾರೆ, ನಾವು ಜನರ ಜೇಬು ನೋಡ್ತೀವಿ.

ನಾನು ಸೌಮ್ಯಶ್ರೀ, ಸಬ್ ಇನ್‌ಸ್ಪೆಕ್ಟರ್. ದೂರು ಕೊಟ್ಟವರು ಬಳಗದ ಅಧ್ಯಕ್ಷ ಪವಮಾನ. ವೃತ್ತಿಯಲ್ಲಿ ವಕೀಲರು. ಸೇನೆಯಲ್ಲಿ ಒಂದು ದಿನವೂ ಇದ್ದವರಲ್ಲ, ಆದರೆ ಕೇಳಿದರೆ ಎಂಜಿನ್ನಿನ ಜಾತಕವನ್ನೇ ಹೇಳಿಬಿಡ್ತಾರೆ.

"ಆಲ್ಟಿಮೀಟರ್ ಅಂದ್ರೆ ಎತ್ತರ ತೋರ್ಸೋ ಮೀಟರ್ ಕಣ್ರೀ ಮೇಡಂ. ಭಾನುವಾರ ನಮ್ಮ ಪ್ರದರ್ಶನ. ಶಾಲೆ ಮಕ್ಕಳು ಇದ್ರೊಳಗೆ ಕೂರ್ತಾರೆ, ಎದುರಿಗೆ ಪರದೆ, ಹಾರಿದ ಹಾಗೇ ಇರತ್ತೆ. ಈಗ ನೋಡಿ, ಮುಖದಲ್ಲಿ ಒಂದು ಕಣ್ಣೇ ಇಲ್ಲ!"

"ಬೀಗ?"

"ಒಡೆದಿಲ್ಲ. ಕೀ ಇರೋದು ಇಬ್ಬರ ಹತ್ರ. ನಾನು, ಆಮೇಲೆ ವಿಮಾನ ಒರೆಸಿ ನೋಡ್ಕೊಳ್ಳೋ ಆ ಹುಡುಗಿ ನಯನಾ."

ದೂರಿನಲ್ಲಿ ಒಬ್ಬರ ಹೆಸರು ಮಾತ್ರ ಇತ್ತು. ಯಾರದ್ದು ಅಂತ ಹೇಳಬೇಕಾಗಿಲ್ಲ.

ನಾನು ಏಣಿ ಹತ್ತಿ ಗೂಡಿನೊಳಗೆ ಬಗ್ಗಿದೆ. ಮೀಟರುಗಳ ಸಾಲಿನಲ್ಲಿ ಒಂದು ದುಂಡಗಿನ ತೂತು. ಹಿಂದೆ ಗಾಳಿ ಬರುವ ಸಣ್ಣ ಕೊಳವೆ. ಅದರ ಬಾಯಿಗೆ ಕೆಂಪು ಬಟ್ಟೆ ಸುತ್ತಿ ಬಿಗಿಯಾಗಿ ದಾರ ಕಟ್ಟಿತ್ತು. ಬಿಚ್ಚಿದ ಸ್ಕ್ರೂಗಳೆಲ್ಲ ಒಂದು ಪುಟ್ಟ ಚೀಲದಲ್ಲಿ, ಅಲ್ಲೇ ಪಕ್ಕದಲ್ಲಿ ನೇತಾಡುತ್ತಿದ್ದವು. ಪಕ್ಕದ ಗಡಿಯಾರ, ವೇಗದ ಮೀಟರ್ ಎಲ್ಲ ಹಾಗೇ ಇದ್ದವು.

ಎಂಥೆಂಥ ಕಳ್ಳರನ್ನು ನೋಡಿದ್ದೀನಿ. ಇಷ್ಟು ಅಚ್ಚುಕಟ್ಟು ಕಳ್ಳನನ್ನು ನೋಡಿರಲಿಲ್ಲ.

* * *

ನಯನಾ ಮಧ್ಯಾಹ್ನ ತಾನಾಗೇ ಸ್ಟೇಷನ್ನಿಗೆ ಬಂದಳು. ಜೊತೆಗೆ ಅಪ್ಪ ಸಣ್ಣಯ್ಯ. ನಂಜನಗೂಡು ಕಡೆಯಿಂದ ಬಂದು ಇಲ್ಲಿ ಆಟೋ ಓಡಿಸುವ ಮನುಷ್ಯ. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

ಹುಡುಗಿ ಅಗ್ನಿವೀರ್ ವಾಯುಗೆ ಆಯ್ಕೆಯಾಗಿದ್ದಳು. ವಾಯುಸೇನೆಗೆ ಸೇರುವ ಮುಂಚೆ ಪೊಲೀಸ್ ವೆರಿಫಿಕೇಷನ್ ಆಗಬೇಕಲ್ಲ, ಆ ಫೈಲು ನನ್ನ ಮೇಜಿನ ಮೇಲೇ ಇತ್ತು. ಅದರ ಮೇಲೆ ಪವಮಾನರ ದೂರು. ಕೇಸು ದಾಖಲಾದರೆ ಅವಳ ಕೆಲಸ ಅಲ್ಲಿಗೆ ಮುಗೀತು. ಅದು ಅವಳಿಗೂ ಗೊತ್ತಿತ್ತು.

"ಕೀ ಯಾರಿಗಾದ್ರೂ ಕೊಟ್ಟಿದ್ಯೇನಮ್ಮ?"

"ಇಲ್ಲ ಮೇಡಂ."

"ನೀನೇ ತಗೊಂಡ್ಯಾ?"

ಅವಳು ಮೇಜಿನ ಮೇಲಿದ್ದ ತನ್ನ ಫೈಲಿನ ಅಂಚು ಸರಿಮಾಡಿದಳು.

ಮೊಬೈಲಿನಲ್ಲಿ ತೆಗೆದಿದ್ದ ಕೆಂಪು ಬಟ್ಟೆಯ ಫೋಟೋ ತೋರಿಸಿದೆ. ಒಂದು ಸಲ ನೋಡಿದಳು. ಆಮೇಲೆ ಮೊಬೈಲಿನ ಕಡೆ ಕಣ್ಣೇ ಹಾಯಿಸಲಿಲ್ಲ.

"ಏನಾದ್ರೂ ಹೇಳವ್ವ!" ಸಣ್ಣಯ್ಯ ಅವಳ ಭುಜ ಅಲ್ಲಾಡಿಸಿದ. "ನೀನಲ್ಲ ಅಂತ ಹೇಳ್ಬುಡು!"

"ಬರ್ಕೊಳ್ಳಿ ಮೇಡಂ," ಅಂದಳು ನಯನಾ. "ಕೀ ನನ್ ಹತ್ರನೇ ಇತ್ತು."

ನನಗೆ ರೇಗಿಹೋಯಿತು. ತಪ್ಪು ಮಾಡಿದವರು ಹೀಗೆ ಕೂರುವುದಿಲ್ಲ. ಯಾರನ್ನೋ ಕಾಪಾಡುತ್ತಿರುವವರು ಹೀಗೆ ಕೂರುತ್ತಾರೆ.

* * *

ವಿಜಯನಗರದ ಅಮರೇಶ್ ವಿಮಾನದ ಹಳೇ ಸಾಮಾನು ಕೊಂಡು ದೀಪ, ಟೀಪಾಯಿ ಮಾಡಿ ಮಾರುವ ಆಸಾಮಿ. ಆ ಆಲ್ಟಿಮೀಟರ್ ಕೊಡಿ ಅಂತ ಬಳಗಕ್ಕೆ ದುಂಬಾಲು ಬಿದ್ದಿದ್ದನಂತೆ. ಇವನೇ ಸರಿ ಅಂದುಕೊಂಡು ಹೋದೆ. ಮನೆಯೆಲ್ಲ ಜಾಲಾಡಿದೆ. ವಿಮಾನದ ಚಕ್ರದ ಮೇಲೆ ಗಾಜು ಕೂರಿಸಿದ ಮೇಜು ಸಿಕ್ಕಿತು, ಮೀಟರ್ ಸಿಗಲಿಲ್ಲ.

ಫೋಟೋ ನೋಡಿ ಅಮರೇಶ್ ನಕ್ಕುಬಿಟ್ಟ.

"ನಾನಾಗಿದ್ರೆ ಕೊಳವೆ ಕತ್ತರಿಸ್ಕೊಂಡು ಬಂದ್ಬುಡ್ತಿದ್ದೆ ಮೇಡಂ. ಇಷ್ಟು ಮರ್ಯಾದೆಯಿಂದ ಬಿಚ್ಚಕ್ಕೆ ಯಾರಿಗಿದೆ ಪುರುಸೊತ್ತು? ಇದು ಏರ್‌ಫೋರ್ಸ್‌ನೋರ ಕೈ. ಒಂದು ಭಾಗ ಬಿಚ್ಚಿದ್ರೆ ಕೊಳವೆ ಬಾಯಿ ಮುಚ್ಚಬೇಕು, ಧೂಳು ಹೋಗ್ಬಾರ್ದು. ಸ್ಕ್ರೂ ಅಲ್ಲೇ ಕಟ್ಟಬೇಕು, ಕಳೀಬಾರ್ದು. ಮತ್ತೆ ಹಾರೋ ವಿಮಾನಕ್ಕೆ ಮಾಡೋ ಕೆಲಸ ಇದು."

"ಇದು ಹಾರಲ್ವಲ್ಲಯ್ಯ?"

"ಅದೇ ನನಗೂ ಅರ್ಥ ಆಗ್ತಿಲ್ಲ."

* * *

ಬಳಗದಲ್ಲಿ ವಾಯುಸೇನೆಯಿಂದ ಬಂದವರು ಒಬ್ಬರೇ. ವಾರಂಟ್ ಆಫೀಸರ್ ಆಗಿ ನಿವೃತ್ತರಾದ ರಾಮಸ್ವಾಮಿ. ವಿಮಾನದ ಮೀಟರುಗಳನ್ನು ರಿಪೇರಿ ಮಾಡುವುದೇ ಅವರ ಕಸುಬಾಗಿತ್ತು. ನಯನಾಗೆ ಪರೀಕ್ಷೆಗೆ ಪಾಠ ಹೇಳಿಕೊಟ್ಟು ಈ ಮಟ್ಟಕ್ಕೆ ತಂದವರೂ ಅವರೇ. ಶುಕ್ರವಾರ ವಿದ್ಯಾರಣ್ಯಪುರಂನ ಅವರ ಮನೆಗೆ ಹೋದೆ.

ಹೆಂಡತಿ ಚಂದ್ರಮತಿ ಬಾಗಿಲು ತೆಗೆದರು. ನನ್ನ ಕೈಲಿದ್ದ ಜೀಪಿನ ಕೀ ನೋಡಿ, "ಆ ಮೊಳೆಗೆ ನೇತುಹಾಕಿ ಬಾರಮ್ಮ," ಅಂದರು. "ಕೀ ಜೇಬಲ್ಲಿ ಇಟ್ಕೊಂಡು ಒಳಗೆ ಬಂದ್ರೆ ಇವ್ರು ಬಿಡಲ್ಲ. ನಯನಾ ಪಾಠಕ್ಕೆ ಬಂದ್ರೂ ಅದೇ ಶಿಸ್ತು."

ರಾಮಸ್ವಾಮಿ ಎದ್ದು ನಿಂತು ನಮಸ್ಕಾರ ಮಾಡಿದರು. ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು. ಗೋಡೆ ಗಡಿಯಾರದ ಹತ್ತಿರ ಹೋಗಿ ಗಾಜಿಗೆ ಬೆರಳಿಂದ ಮೆಲ್ಲಗೆ ತಟ್ಟಿದರು. ಆಮೇಲೆ ಟೈಮು ನೋಡಿದರು.

"ತಟ್ಟಿ ನೋಡಬೇಕು," ಅಂದರು ನನಗೆ. "ಮುಳ್ಳು ಅಂಟ್ಕೊಂಡಿರತ್ತೆ. ಪೈಲಟ್ಟು ಅದನ್ನೇ ನಂಬಿರ್ತಾನೆ."

"ಭಾನುವಾರ ಪ್ರದರ್ಶನಕ್ಕೆ ಬರ್ತೀರಾ ಸಾರ್?"

"ಹಾರಿಸ್ತಾರಂತೆ." ಮುಖ ಗಂಟಿಕ್ಕಿತು. "ಯಾರು ಪರ್ಮಿಷನ್ ಕೊಟ್ರು?"

ಚಂದ್ರಮತಿ ಕಾಫಿ ತಂದು ಮಾತು ಬೇರೆ ಕಡೆ ತಿರುಗಿಸಿದರು. ಅವರ ಹಿಂದೆ ದೇವರಮನೆ ಬಾಗಿಲಿಗೆ ಕೆಂಪು ಪರದೆ. ಪರದೆಯ ಒಂದು ಮೂಲೆಯನ್ನು ಯಾರೋ ಕತ್ತರಿಯಿಂದ ಕತ್ತರಿಸಿದ್ದರು.

ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

* * *

ಶನಿವಾರ ಬೆಳಿಗ್ಗೆ ಎಲ್ಲರನ್ನೂ ಶೆಡ್ಡಿಗೆ ಕರೆಸಿದೆ. ಪವಮಾನ, ನಯನಾ, ರಾಮಸ್ವಾಮಿ, ಚಂದ್ರಮತಿ. ಪವಮಾನ ಬರುತ್ತಲೇ ಶುರು ಮಾಡಿದರು.

"ಎಫ್‌ಐಆರ್ ಆಯ್ತಾ ಮೇಡಂ? ಇಲ್ಲಾಂದ್ರೆ ಕಮಿಷನರ್ ಹತ್ರ ಹೋಗ್ಬೇಕಾಗತ್ತೆ."

"ಒಂದು ನಿಮಿಷ ಸುಮ್ನಿರಿ ಸಾರ್. ಕಳೆದ ಭಾನುವಾರ ಇಲ್ಲಿ ನೀವು ಏನಂತ ಘೋಷಣೆ ಮಾಡಿದ್ರಿ?"

"ಮುಂದಿನ ವಾರ ನಮ್ಮ ವಿಮಾನ ಹಾರತ್ತೆ ಅಂದೆ. ಚಪ್ಪಾಳೆ ತಟ್ಟಿದ್ರು."

"ಒಬ್ಬರು ತಟ್ಟಲಿಲ್ಲ. ಅವರು ಅದನ್ನ ನಿಜ ಅಂದ್ಕೊಂಡ್ರು." ನಾನು ಯಾರ ಮುಖವನ್ನೂ ನೋಡದೆ ಹೇಳಿದೆ. "ಕಳ್ಳ ಆಗಿದ್ರೆ ಗಡಿಯಾರವನ್ನೂ ಒಯ್ತಿದ್ದ. ಇವರಿಗೆ ಆಲ್ಟಿಮೀಟರ್ ಮೇಲೆ ಮಾತ್ರ ಅನುಮಾನ, ಗಾಜು ತಟ್ಟಿ ನೋಡಿದ್ದಾರೆ, ಮುಳ್ಳು ಅಲ್ಲಾಡಿಲ್ಲ. ರಿಪೇರಿಗೆ ಬಿಚ್ಚಿದ್ರು. ಮತ್ತೆ ಹಾರೋ ವಿಮಾನ ಅಂತ ಕೊಳವೆ ಬಾಯಿ ಮುಚ್ಚಿದ್ರು, ಸ್ಕ್ರೂ ಕಟ್ಟಿದ್ರು. ಆ ಬಟ್ಟೆ ಅವರ ದೇವರಮನೆ ಪರದೆಯದ್ದು. ಕೀ ಅವರ ಮನೆ ಮೊಳೆಯಲ್ಲಿ ದಿನಾ ನೇತಾಡ್ತಿತ್ತು, ನಯನಾ ಪಾಠಕ್ಕೆ ಹೋದಾಗ. ಅವಳು ಬರೀತಾ ಕೂತಾಗ ತಗೊಂಡು ಬಂದು, ಕೆಲಸ ಮುಗಿಸಿ, ಮತ್ತೆ ಅದೇ ಮೊಳೆಗೆ ಹಾಕಿದ್ರು. ಫೋಟೋ ನೋಡಿದ ಕೂಡಲೇ ಇವಳಿಗೆ ಗೊತ್ತಾಯ್ತು. ಆ ಕೆಲಸ ಇವಳಿಗೆ ಕಲಿಸಿದವರೇ ಅವರು."



"ನಾನೇ ಬೇಡ್ಕೊಂಡಿದ್ದೆ ಇವಳನ್ನ," ಅಂದರು ಚಂದ್ರಮತಿ. "ಇವ್ರಿಗೆ ಮರೆವಿನ ಕಾಯಿಲೆ ಅಂತ ಯಾರಿಗೂ ಹೇಳ್ಬೇಡ ಅಂತ. ಗೊತ್ತಾದ್ರೆ ಇಲ್ಲಿಗೆ ಸೇರಿಸಲ್ಲ. ಇಲ್ಲಿಗೆ ಬಂದಾಗ ಮಾತ್ರ ಇವ್ರು ಮೊದಲಿನ ಹಾಗೆ ಇರ್ತಾರೆ. ಮೀಟರ್ ಎಲ್ಲಿಟ್ಟಿದಾರೋ ನನಗೂ ಗೊತ್ತಿರಲಿಲ್ಲ, ದೇವರಾಣೆ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಹಳ ಹಿಂದೆ ಒಬ್ಬ ಹುಡುಗ, ಪೈಲಟ್ಟು, ಮಂಜಲ್ಲಿ ಬೆಟ್ಟಕ್ಕೆ ಹೊಡೆದುಬಿಟ್ಟ. ಮೀಟರ್ ಚೆಕ್ ಮಾಡಿದ್ದು ಇವ್ರು. ಇವ್ರ ತಪ್ಪೇನಿಲ್ಲ ಅಂತ ವಿಚಾರಣೆಯಲ್ಲೇ ಬಂತು. ಬೇರೆಲ್ಲ ಮರೆತಿದಾರೆ ಕಣಮ್ಮ. ಅದೊಂದು ಮರೆತಿಲ್ಲ."



ರಾಮಸ್ವಾಮಿ ಹೆಗಲ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಮುಚ್ಚಳ ತೆರೆದು ವಿಮಾನದ ಮೂತಿಯ ಪಕ್ಕದ ಮೇಜಿನ ಮೇಲೆ ಇಟ್ಟರು. ಒಳಗೆ ಬಿಳಿ ಪಂಚೆಯ ತುಂಡಿನ ಮೇಲೆ ಹಲ್ಲಿನ ಚಕ್ರಗಳು, ಕೂದಲೆಳೆಯ ಸ್ಪ್ರಿಂಗು, ಮುಳ್ಳುಗಳು. ಎಲ್ಲ ಬಿಡಿಬಿಡಿ.

"ಬಿಚ್ಚಿದೆ," ಅಂದರು ಮೆಲ್ಲಗೆ. "ಜೋಡಿಸಕ್ಕೆ... ಮೊದಲು ಯಾವುದು ಅಂತ..."

ಒಂದು ಚಕ್ರ ಎತ್ತಿಕೊಂಡರು. ತಿರುಗಿಸಿ ನೋಡಿದರು. ಮತ್ತೆ ಅಲ್ಲೇ ಇಟ್ಟರು. ಇನ್ನೊಂದು ಎತ್ತಿದರು. ಜೀವಮಾನವೆಲ್ಲ ಅದೇ ಕೆಲಸ ಮಾಡಿದ ಬೆರಳುಗಳು. ಅಯ್ಯೋ, ನೋಡಕ್ಕಾಗಲಿಲ್ಲ ನನಗೆ. ಪವಮಾನ ಹತ್ತಿರ ಬಂದು ಬಗ್ಗಿದರು, ಎಷ್ಟು ಓದಿದ್ದರೂ ಒಂದನ್ನೂ ಮುಟ್ಟಲು ಧೈರ್ಯ ಬರಲಿಲ್ಲ. ನಯನಾ ಕೈ ಚಾಚಿದಳು, ಹಿಂದಕ್ಕೆ ತೆಗೆದುಕೊಂಡಳು. ಅವಳ ಪಾಠ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಇನ್ನು ಬರುವುದೂ ಇಲ್ಲ.

"ದೂರು ವಾಪಸ್ ತಗೋತೀನಿ ಮೇಡಂ," ಅಂದರು ಪವಮಾನ. ನಯನಾ ಕಡೆ ತಿರುಗಿ ಏನೋ ಹೇಳಲು ಹೋದರು. ಅವಳು ಅವರನ್ನು ನೋಡುತ್ತಲೇ ಇರಲಿಲ್ಲ.

ಅವಳ ಕೆಲಸ ಉಳಿಯಿತು. ಸಂತೋಷಪಡಬೇಕು ತಾನೇ? ನಾನು ಕೇಸು ಬಿಡಿಸಿದವಳು. ಒಬ್ಬ ಮುದುಕರ ಮಾನವನ್ನು ಆ ಡಬ್ಬಿಯ ಜೊತೆ ಎಲ್ಲರೆದುರು ತೆರೆದಿಟ್ಟವಳೂ ನಾನೇ. ಬೇರೆ ದಾರಿ ಇತ್ತಾ ಅಂತ ಇವತ್ತಿಗೂ ಯೋಚಿಸ್ತೀನಿ, ಹೊಳೆದಿಲ್ಲ.

ರಾಮಸ್ವಾಮಿ ಮೇಜು ಬಿಟ್ಟು ಬಾಗಿಲ ಹತ್ತಿರ ಹೋಗಿ ನಿಂತರು. ಹೊರಗೆ ಬಿಸಿಲು. ಹಣೆಗೆ ಕೈ ಅಡ್ಡ ಹಿಡಿದು ಚಾಮುಂಡಿ ಬೆಟ್ಟದ ಕಡೆ ತುಂಬ ಹೊತ್ತು ನೋಡಿದರು.

"ಬೆಳಿಗ್ಗೆ ಹೋದ ಹುಡುಗ," ಅಂದರು. "ಇಳಿದನಾ?"

ನಯನಾ ಅವರ ಪಕ್ಕ ಹೋಗಿ ನೆಟ್ಟಗೆ ನಿಂತಳು.

"ಇಳಿದ್ರು ಸಾರ್. ಕಾಫಿ ಕುಡೀತಾ ಇದಾರೆ."

ಅವರಿಗೆ ನಂಬಿಕೆ ಬರಲಿಲ್ಲ. ಅವಳನ್ನು ದಾಟಿ, ನನ್ನ ಖಾಕಿ ನೋಡಿದರು. ಯೂನಿಫಾರಂ ಹಾಕಿದವರು ಸುಳ್ಳು ಹೇಳಲ್ಲ ಅನ್ನುವ ಹಾಗೆ ನನ್ನ ಉತ್ತರಕ್ಕೇ ಕಾದರು. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಸುಳ್ಳು ಸಾಕ್ಷಿ ಹೇಳಿದವಳಲ್ಲ.

"ಹೌದು ಸಾರ್," ಅಂದೆ. "ಇಳಿದಿದ್ದನ್ನ ನಾನೂ ನೋಡಿದೆ."