ಎಡ ತಿರುವಿನಲ್ಲಿ ನಿಂತ ಟೆಂಪೊ

"ಇವತ್ತು ಸಂಜಿಗೆ ನನ್ನ ಮೈದುನ ಸಹಿ ಮಾಡ್ತಾನ್ರಿ. ಮಾಡಿದಾ ಅಂದ್ರ ನಮ್ಮ ಮನಿಯವ್ರು ಹೊರಗ ಬರೂದು ಮರತುಬಿಡು ಅಂತ ಪೊಲೀಸ್ರು ಹೇಳ್ಯಾರ್ರಿ."

ಬಾಗಿಲ ಚೌಕಟ್ಟು ಹಿಡಿದು ಇಷ್ಟು ಹೇಳಿದ ಶರಣಮ್ಮ ಹೊಸ್ತಿಲ ಮೇಲೆಯೇ ಕೂತಳು. ಪುಣೆಯ ಯೆರವಡಾದ ಆ ಮನೆಯ ಕಿಟಕಿಯಿಂದ ಜೈಲಿನ ಕಲ್ಲುಗೋಡೆ ಕಾಣುತ್ತಿತ್ತು. ಚನ್ನವೀರ ಎದ್ದು ಮೆಲ್ಲಗೆ ಪರದೆ ಎಳೆದ.

ಮನೆ ದುರ್ಗಾ ಹಿರೇಮಠರದು. ಅಪರಾಧ ಪ್ರಯೋಗಾಲಯದಲ್ಲಿ ಗಾಜು, ಬಣ್ಣ, ಮಣ್ಣುಗಳ ಪರೀಕ್ಷೆಯಲ್ಲೇ ಆಯುಷ್ಯ ಕಳೆದು ನಿವೃತ್ತರಾದವರು. ಪುಣೆಯ ಕನ್ನಡಿಗರಿಗೆ ಪೊಲೀಸ್ ಠಾಣೆಯಲ್ಲಿ ದಾರಿ ಮುಚ್ಚಿದಾಗ ನೆನಪಾಗುವ ಬಾಗಿಲು ಅವರದು. ಮೇಲಿನ ಮಹಡಿಯ ಚನ್ನವೀರ ನಿವೃತ್ತ ಬ್ಯಾಂಕ್ ಗುಮಾಸ್ತ. ದುರ್ಗಾ ಅವರ ಪ್ರತಿ ಪತ್ತೇದಾರಿಕೆಗೂ ಅವನದೇ ಸ್ಕೂಟರ್, ಅವನದೇ ಅನುಮಾನಗಳು.

"ಮೊದಲಿಂದ ಹೇಳು, ತಂಗಿ" ಎಂದರು ದುರ್ಗಾ.

ಶರಣಮ್ಮನ ಗಂಡ ಭೀಮು ಗಾದಿ ಸಾಗಿಸುವ ಟೆಂಪೊ ಓಡಿಸುತ್ತಾನೆ. ಅವನ ತಮ್ಮ ಲಾಲಪ್ಪ ಗೋಡೆ ಕಟ್ಟುವ ಗೌಂಡಿ. ಲಾಲಪ್ಪನ ಹೆಂಡತಿ ಸಾಬವ್ವ. ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟ ಸಾಬವ್ವ ಸಿಗ್ನಲ್ಲಿನಲ್ಲಿ ರಸ್ತೆ ದಾಟುವಾಗ ಯಾವುದೋ ಗಾಡಿ ಬಡಿದು ಬಿದ್ದಳು. ಅಲ್ಲೇ ಪಕ್ಕದಲ್ಲಿ ನಿಂತಿದ್ದದ್ದು ಭೀಮುವಿನ ಟೆಂಪೊ. ತಂಗಿಯ ಮದುವೆ ಮಾತುಕತೆಗೆ ತನ್ನನ್ನು ಕರೆಯಲಿಲ್ಲವೆಂದು ಲಾಲಪ್ಪ ದೀಪಾವಳಿಯಿಂದ ಅಣ್ಣನ ಜೊತೆ ಮಾತು ಬಿಟ್ಟಿದ್ದ. ಹಗೆಯಿಂದ ಅಣ್ಣನೇ ಬೇಕೆಂದು ಗುದ್ದಿದನೆಂದು ಅವನು ಹೇಳಿಕೆ ಕೊಟ್ಟರೆ, ಅಪಘಾತದ ಪ್ರಕರಣ ಕೊಲೆಯತ್ನದ್ದಾಗುತ್ತದೆ.

"ಸಾಬವ್ವ?"

"ಎಚ್ಚರನ ಆಗಿಲ್ರಿ. ಆಕಿ ಕಣ್ಣು ತೆರದ್ರ ಎಲ್ಲಾ ತಿಳೀತಿತ್ತು."

* * *

ಠಾಣೆಯ ಅಂಗಳದಲ್ಲಿ ಟೆಂಪೊ ನಿಂತಿತ್ತು. ಎತ್ತರದ ಪೆಟ್ಟಿಗೆಯಂಥ ಅದರ ಹಿಂಭಾಗದಿಂದ ಗಾದಿಗಳು ಇನ್ನೂ ಹೊರಗೆ ಉಬ್ಬಿದ್ದವು. ದುರ್ಗಾ ಮುಂಭಾಗದೆದುರು ಬಹಳ ಹೊತ್ತು ಬಾಗಿ ನಿಂತರು. ಬಂಪರಿನ ಮೇಲೆ ಧೂಳು ಒಂದೇ ಸಮನೆ ಕೂತಿತ್ತು. ಅದರ ನಡುವೆ ಯಾರೋ ಬೆರಳಿನಿಂದ ಎಳೆದ ವಿಭೂತಿಯ ಮೂರು ಗೆರೆಗಳು. ಎರಡೂ ಕನ್ನಡಿಗಳನ್ನು ಮುಟ್ಟಿ ನೋಡಿ ಒಳಗೆ ನಡೆದರು.

ಭೀಮು ಮಾತಾಡುವ ಮೊದಲೇ ಅಳುತ್ತಿದ್ದ.

"ಎಡಕ್ಕ ತಿರುಗೂದಿತ್ರಿ. ನನಗ ಹಸಿರು ಬಿದ್ದಿತ್ತು. ಸಾಬವ್ವ ದಾಟೂ ಪಟ್ಟಿ ಮ್ಯಾಲೆ ಇಳಿದ್ಲು. ನಿಂತುಬಿಟ್ಟೆ."

"ಹಸಿರಿದ್ರೂ?"

"ತಿರುಗಾವ ನಾನ್ರಿ. ದಾಟಾವ್ರನ್ನ ಮೊದಲ ಬಿಡಬೇಕಲ್ರಿ?"

"ಆಕಿ ನಿನ್ನ ಗುರುತು ಹಿಡಿದ್ಲೇನು?"

"ಹಿಡಿದ್ಲ್ರಿ."

"ಹೊಡೆದದ್ದು ಯಾರು?"

ಭೀಮು ತಲೆ ತಗ್ಗಿಸಿದ. "ನೋಡ್ಲಿಲ್ರಿ. ಎಡಕ್ಕ ಮುಖ ತಿರುವಿದ್ದೆ. ಸಪ್ಪಳ ಕೇಳಿ ಓಡಿಹೋದೆ. ತಲಿಯಿಂದ ರಕ್ತ ಹರೀತಿತ್ತು, ಆಕೀ ಸೆರಗಿಂದನ ಕಟ್ಟಿದೆ. ಆಮ್ಯಾಲೆ ಮಂದಿ ನನ್ನ ಹೊಡ್ಯಾಕ ಸುರು ಮಾಡಿದ್ರು."

ದುರ್ಗಾ ಅದನ್ನು ಮರಾಠಿಯಲ್ಲಿ ಹೇಳಿದಾಗ ಇನ್‌ಸ್ಪೆಕ್ಟರ್ ಜಗತಾಪ ನಕ್ಕುಬಿಟ್ಟ. "ಕೇಳಿದಿರಾ ಮ್ಯಾಡಂ? ಅವಳಿಗಾಗಿಯೇ ಗಾಡಿ ನಿಲ್ಲಿಸಿದನಂತೆ, ಅವಳನ್ನೇ ನೋಡಲಿಲ್ಲವಂತೆ! ಹಸಿರಿಗೆ ಗಾಡಿ ನಿಲ್ಲಿಸುವ ಡ್ರೈವರನ್ನು ನಾನಂತೂ ಈ ಊರಲ್ಲಿ ಕಂಡಿಲ್ಲ. ಗುದ್ದಿದ, ಅದಕ್ಕೇ ನಿಂತ. ಕ್ಯಾಮೆರಾ ಕೇಳಬೇಡಿ, ಸೇತುವೆ ಕೆಲಸಕ್ಕೆ ಆ ಕಂಬವನ್ನೇ ಕಿತ್ತಿದ್ದಾರೆ."

ಹೊರಗೆ ಬಂದ ಚನ್ನವೀರ ಸ್ಕೂಟರಿನ ಬಳಿ ನಿಂತ. "ಅಕ್ಕಾರ, ಇವ ಸುಳ್ಳು ಹೇಳಾಕತ್ತಾನ ಅನಸ್ತದ."

"ಸುಳ್ಳು ಹೇಳಾವ ಇದಕ್ಕಿಂತ ಚೊಲೋದು ಹೇಳ್ತಿದ್ದ, ಚನ್ನವೀರ. ಗಾಡಿ ತೆಗಿ."

* * *

ಆಸ್ಪತ್ರೆಯ ತುರ್ತು ವಾರ್ಡಿನ ಹೊರಗೆ ಲಾಲಪ್ಪ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಕೆಂಡದಂತಿದ್ದವು. ಪಕ್ಕದಲ್ಲಿ ಕೂತು ಅವನಿಗೆ ಚಹಾ ಕುಡಿಸುತ್ತಿದ್ದವರು ಬಸವಲಿಂಗ. ಬಾಗಲಕೋಟೆ ಕಡೆಯ ಹಾರ್ಡ್‌ವೇರ್ ವ್ಯಾಪಾರಿ. ಸಾಬವ್ವನನ್ನು ತಮ್ಮ ಕಾರಿನಲ್ಲೇ ಇಲ್ಲಿಗೆ ತಂದವರು ಅವರು. ಪೊಲೀಸರ ಮುಖ್ಯ ಸಾಕ್ಷಿಯೂ ಅವರೇ.

"ದೇವರು ಬಂದಂಗ ಬಂದ್ರು ಸಾವ್ಕಾರ್ರು" ಎಂದ ಲಾಲಪ್ಪ. "ಒಡಹುಟ್ಟಿದಾಂವ ಗುದ್ದಿದ, ಗುರುತಿಲ್ಲದಾವ್ರು ಎತ್ಕೊಂಡು ಬಂದ್ರು."

"ನೀವು ಎಲ್ಲಿದ್ರಿ ಆವಾಗ?" ದುರ್ಗಾ ಕೇಳಿದರು.

"ಟೆಂಪೊದ ಬೆನ್ನ ಹಿಂದ ನಿಂತಿದ್ದೆರಿ, ಮ್ಯಾಡಂ." ಬಸವಲಿಂಗ ನಿಟ್ಟುಸಿರಿಟ್ಟರು. "ಖರೇ ಹೇಳಬೇಕಂದ್ರ ಆ ಹೆಣ್ಣುಮಗಳದೂ ತಪ್ಪದ. ನಮಗ ಹಸಿರು ಅಂದಮ್ಯಾಲೆ ಆಕೀಗೆ ಕೆಂಪು ಇರಬೇಕಲ್ಲ? ಅದರಾಗ ಬಲಕ್ಕ ಸೆರಗು ಮುಖದ ತುಂಬ ಎಳಕೊಂಡು ನಡದ್ರ ಬರೂ ಗಾಡಿ ಹೆಂಗ ಕಾಣಬೇಕ್ರಿ?"

ದುರ್ಗಾ ತಲೆಯಾಡಿಸಿದರಷ್ಟೆ. ಕೆಳಗಿಳಿದು, ನಿಂತಿದ್ದ ಕಾರುಗಳ ಸಾಲಿನಲ್ಲಿ ಒಮ್ಮೆ ಅಡ್ಡಾಡಿ ಬಂದರು.

ಸಿಗ್ನಲ್ಲಿನಲ್ಲಿ ಬಿಸಿಲು ಕುದಿಯುತ್ತಿತ್ತು. ದುರ್ಗಾ ದಾಟುಪಟ್ಟಿಯ ತುದಿಯಲ್ಲಿ ನಿಂತು ದೀಪಗಳನ್ನು ನೋಡುತ್ತಲೇ ಇದ್ದರು. ವಾಹನಗಳಿಗೆ ಹಸಿರು ಬಿದ್ದ ಕೂಡಲೇ ಅದೇ ದಿಕ್ಕಿಗೆ ನಡೆಯುವವರಿಗೂ ಹಸಿರು ಮನುಷ್ಯನ ಚಿತ್ರ ಬೆಳಗಿತು. ಚನ್ನವೀರ ಎರಡು ಹೆಜ್ಜೆ ಇಟ್ಟನೋ ಇಲ್ಲವೋ, ಎಡಕ್ಕೆ ತಿರುಗುವ ರಿಕ್ಷಾವೊಂದು ಅವನ ಪಾದದ ಪಕ್ಕದಲ್ಲೇ ಹಾದುಹೋಯಿತು.

"ಏ ಕಾಕಾ, ಮರಾಯಚಂ ಆಹೇ ಕಾ?" ಚಾಲಕ ಕೂಗಿದ. ಸಾಯೋದಿದೆಯಾ ಎಂದು.

"ನನಗೂ ಹಸಿರ ಅದಪಾ!" ಚನ್ನವೀರ ಕನ್ನಡದಲ್ಲೇ ಕಿರುಚಿದ.

ದುರ್ಗಾ ನಗಲಿಲ್ಲ. ಟೆಂಪೊ ನಿಂತಿದ್ದ ಜಾಗದ ಬಲಮಗ್ಗುಲಿಗೆ, ಪಟ್ಟಿಯಿಂದ ಕೊಂಚ ಮುಂದೆ, ರೊಟ್ಟಿಯ ಚೂರುಗಳು ಡಾಂಬರಿಗೆ ಅಂಟಿದ್ದವು. ಸಾಬವ್ವನ ಬುತ್ತಿ. ಅವುಗಳ ನಡುವಿನಿಂದ ಅವರು ಏನನ್ನೋ ಚಿಮಟಿಗೆಯಿಂದ ಎತ್ತಿ ಕಾಗದದಲ್ಲಿ ಮಡಚಿದರು. ಹಿಂಬದಿಗೆ ಬೆಳ್ಳಿಲೇಪವಿದ್ದ ಗಾಜಿನ ಚೂರು.

* * *

ಸಂಜೆ ಜಗತಾಪ ಕಾಗದ ಹಿಡಿದು ಆಸ್ಪತ್ರೆಗೆ ಬಂದ. ಬಸವಲಿಂಗ ಲಾಲಪ್ಪನ ಕೈಗೆ ಪೆನ್ನು ಕೊಡುತ್ತಿದ್ದರು. ಶರಣಮ್ಮ ದೂರ ನಿಂತು ಸೆರಗು ಕಚ್ಚಿಕೊಂಡಿದ್ದಳು.

"ಸ್ವಲ್ಪ ತಡಿ, ಲಾಲಪ್ಪ" ಎಂದರು ದುರ್ಗಾ. "ನಾ ಹೇಳೂದು ಕೇಳಿ ಆಮ್ಯಾಲೆ ಬೇಕಾದ್ರ ಸಹಿ ಮಾಡು."

ಜಗತಾಪನತ್ತ ತಿರುಗಿ ಮರಾಠಿಯಲ್ಲಿ ಹೇಳತೊಡಗಿದರು. ಬುರುಡೆ ಒಡೆಯುವಷ್ಟು ಜೋರಾಗಿ ಗುದ್ದಿದ ಬಂಪರಿನ ಮೇಲೆ ಧೂಳಾಗಲಿ ವಿಭೂತಿಯಾಗಲಿ ಹಾಗೇ ಉಳಿಯುವುದಿಲ್ಲ. ಬುತ್ತಿ ಚೆಲ್ಲಿದ್ದು ಟೆಂಪೊದ ಎದುರಿಗಲ್ಲ, ಅದರ ಬಲಮಗ್ಗುಲಿಗೆ. ಅಂದರೆ ಸಾಬವ್ವ ನಿಂತ ಟೆಂಪೊವನ್ನು ಕ್ಷೇಮವಾಗಿ ದಾಟಿದ್ದಳು. ಬಡಿದದ್ದು ಟೆಂಪೊವನ್ನು ಬಲಗಡೆಯಿಂದ ಹಿಂದೆ ಹಾಕಿ ನುಗ್ಗಿದ ಇನ್ನೊಂದು ಗಾಡಿ.

"ಆದರೆ ಕೆಂಪು ದೀಪ?" ಎಂದ ಜಗತಾಪ.

"ಅಲ್ಲಿ ಇಬ್ಬರಿಗೂ ಒಟ್ಟಿಗೇ ಹಸಿರು. ಅದಕ್ಕೇ ತಿರುಗುವವನು ಕಾಯಬೇಕು. ಭೀಮು ಕಾದ."

"ಹಾಗಾದರೆ ಹೊಡೆದವನನ್ನು ಏಕೆ ನೋಡಲಿಲ್ಲ?"

ದುರ್ಗಾ ಲಾಲಪ್ಪನನ್ನು ನೋಡಿದರು. "ನೀನ ಹೇಳು. ಭಾವ ಎದುರಿಗೆ ಬಂದ್ರ ನಿನ್ನ ಹೇಣತಿ ಏನ ಮಾಡ್ತಾಳ?"

ಲಾಲಪ್ಪ ಪೆನ್ನನ್ನು ಬೆಂಚಿನ ಮೇಲಿಟ್ಟ. "ಸೆರಗು ಎಳಕೋತಾಳ್ರಿ."

"ಅಂವ?"

"ಮುಖ... ಆಕಡೆ ತಿರುವ್ತಾನ್ರಿ. ನಮ್ಮಾಗ ಹಂಗ ರೀತಿ."

"ಟೆಂಪೊ ಆಕೀ ಬಲಕ್ಕಿತ್ತು. ಬಲಗಣ್ಣಿಗೆ ಸೆರಗು ಅಡ್ಡ ಬಂತು. ಅಂವ ಎಡಕ್ಕ ನೋಡಿದ. ಮಾತು ಬಿಟ್ರೂ ಮರ್ಯಾದಿ ಬಿಟ್ಟಿರಲಿಲ್ಲ ಇಬ್ರೂ. ಅದ ಗಳಿಗ್ಯಾಗ ಕಾರು ನುಗ್ತು." ಅವರ ದನಿ ಗಡುಸಾಯಿತು. "ಬಸವಲಿಂಗ ಅವ್ರ, ಆಕಿ ಬಿದ್ದ ಕೂಡಲೇ ಭೀಮು ಆ ಸೆರಗಿಂದ ತಲಿ ಕಟ್ಟಿದ. ನೀವು ಎತ್ತಿಕೊಳ್ಳೂ ಹೊತ್ತಿಗೆ ಮುಖ ಬರಿದಾಗಿತ್ತು. ಬಲಕ್ಕ ಸೆರಗು ಎಳಕೊಂಡಿದ್ಲು ಅಂತ ನಿಮಗ ಹೆಂಗ ಗೊತ್ತಾತು? ಗಾದಿ ತುಂಬಿದ ಟೆಂಪೊದ ಬೆನ್ನ ಹಿಂದಿಂದ ಮುಂದ ನಡಿಯಾವ್ರು ಕಾಣತಾರೇನು?"

ಬಸವಲಿಂಗ ಒಮ್ಮೆ ಮೆಟ್ಟಿಲ ಕಡೆ ನೋಡಿದರು.

ದುರ್ಗಾ ಗಾಜಿನ ಚೂರಿದ್ದ ಕಾಗದ ಬಿಚ್ಚಿದರು. "ಟೆಂಪೊದ ಕನ್ನಡಿ ಎರಡೂ ಗಟ್ಟಿ ಅವ. ನಿಮ್ಮ ಕಾರಿನ ಎಡಗನ್ನಡಿ ಒಡದದ, ಇನ್ನೂ ನಾಕು ಚೂರು ಚೌಕಟ್ಟಿನ್ಯಾಗ ಅವ. ಜಗತಾಪ ಸಾಹೇಬ್ರು ಈಗಲೇ ಕೆಳಗಿಳಿದು ಹೊಂದಿಸಿ ನೋಡಲಿ."

"ಹಾರ್ನ್ ಹೊಡದೆರಿ" ಎಂದರು ಬಸವಲಿಂಗ, ಯಾರನ್ನೂ ನೋಡದೆ. "ಹಸಿರಿದ್ರೂ ಅಂವ ಸುಮ್ಮನ ನಿಂತಾನಲ್ಲ ಅಂತ ಸಿಟ್ಟು ಬಂತು. ಹಸಿರಿಗೆ ಯಾರು ನಿಲ್ಲತಾರ್ರಿ? ಬಲಕ್ಕ ಹೊಳ್ಳಿಸಿ ಬಂದೆ. ಆಕಿ ಎದುರಿಗೇ ಇದ್ಲು. ಮಂದಿ ಟೆಂಪೊದ ಕಡೆ ಓಡಿದ್ರು... ನಾ ಬಾಯಿ ಮುಚ್ಚಿಕೊಂಡೆ. ಉಳಿಸಬೇಕಂತನ ತಂದೆರಿ, ಬಸವಣ್ಣನ ಆಣಿ."

ಲಾಲಪ್ಪ ಹೊಡೆಯಲು ಏಳಲಿಲ್ಲ. ಚಹಾದ ಲೋಟವನ್ನು ಬೆಂಚಿನ ಕೆಳಗೆ ಸರಿಸಿ, ಎರಡೂ ಕೈಗಳಿಂದ ಬಾಯಿ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

ದುರ್ಗಾ ಎಲ್ಲವನ್ನೂ ಮರಾಠಿಯಲ್ಲಿ ಹೇಳಿದ ಮೇಲೆ ಜಗತಾಪ ಬಸವಲಿಂಗರನ್ನು ಕರೆದುಕೊಂಡು ಹೊರಟ. ಹೋಗುತ್ತ, ಭೀಮುವನ್ನು ಬಿಡಲು ಮನೆಯವರೊಬ್ಬರು ಠಾಣೆಗೆ ಬರಬೇಕೆಂದ. ಚನ್ನವೀರ ಶರಣಮ್ಮನಿಗೆ ಸ್ಕೂಟರಿನ ಕೀಲಿ ತೋರಿಸಿದ.

ಅವಳು ಕದಲಲಿಲ್ಲ. "ನಾ ಹೋಗಂಗಿಲ್ರಿ. ಮೈದುನ ಹೋಗಲಿ."

"ವೈನಿ, ಯಾವ ಮುಖಾ ಹೊತ್ತು ಹೋಗಲಿ?" ಎಂದ ಲಾಲಪ್ಪ. "ಇಲ್ಲಿ ಈಕಿ..."

"ಇದ್ದದ್ದ ಮುಖಾ ಹೊತ್ಕೊಂಡು ಹೋಗು. ನಿನ್ನೆಯಿಂದ ಅನ್ನಾ ತಿಂದಿಲ್ಲ ನಿಮ್ಮಣ್ಣ. ಉಣಿಸಿ ಕರಕೊಂಡು ಬಾ." ಶರಣಮ್ಮ ವಾರ್ಡಿನ ಬಾಗಿಲ ಬಳಿ, ಅವನು ಕೂತಿದ್ದ ಜಾಗದಲ್ಲೇ ಹೋಗಿ ಕೂತಳು. ಒಳಗಿನ ಯಂತ್ರದ ಸದ್ದು ಹೊರಗೂ ಕೇಳುತ್ತಿತ್ತು. "ಈಕೀನ್ನ ನಾ ನೋಡ್ಕೋತೀನಿ. ಕಣ್ಣು ತೆರದ್ರ ನಾ ಇರ್ತೀನಿ. ತೆರೀಲಿಲ್ಲಂದ್ರೂ ಇರ್ತೀನಿ. ನಡಿ ನೀ."