ಅಜ್ಜಿಯ ರೂಮಿನ ಥರ್ಮಾಮೀಟರ್

"ನಿಜ ಹೇಳೋ, ನೀನೇ ತಾನೆ ಮುಟ್ಟಿದ್ದು?"

ಅಕ್ಕ ಕಾಲರ್ ಹಿಡಿದೇಬಿಟ್ಟಳು. ತಮ್ಮ ಕೊಸರಿಕೊಂಡ. "ನಿನ್ನ ಥರ್ಮಾಮೀಟರ್ ಯಾರಿಗೆ ಬೇಕೇ? ಎಲ್ಲರ ಮೇಲೂ ಅನುಮಾನ! ಅದಕ್ಕೇ ನಿನ್ನನ್ನ ಡೌಟು ಅಂತ ಕರೆಯೋದು."

ಆದರೆ ಡೌಟು ಸುಮ್ಮಸುಮ್ಮನೆ ಅನುಮಾನಪಟ್ಟಿರಲಿಲ್ಲ. ಭೂಮಿ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ, ತಂಪು ಬೇಕೆಂದು ನಾವು ಕರೆಂಟ್ ಉರಿಸಿದಷ್ಟೂ ಇನ್ನೂ ಬಿಸಿಯಾಗುತ್ತದೆ ಎಂದು ಶಾಲೆಯಲ್ಲಿ ಮೇಡಂ ಪಾಠ ಮಾಡಿದ್ದರು. ಶೀಟಿನ ಚಾವಣಿಗೆ ಬಿಳಿ ಸುಣ್ಣ ಬಳಿದರೆ ಅದು ಬಿಸಿಲನ್ನು ವಾಪಸ್ ಕಳಿಸುತ್ತದಂತೆ. "ನಾನು ಹೇಳಿದೆ ಅಂತ ನಂಬಬೇಡಿ, ಅಳೆದು ನೋಡಿ," ಎಂದು ಎರಡು ಥರ್ಮಾಮೀಟರ್ ಕೊಟ್ಟು ಕಳಿಸಿದ್ದರು.

ಮನೆಯಲ್ಲಿದ್ದ ಸುಣ್ಣ ಅರ್ಧ ಚಾವಣಿಗಷ್ಟೇ ಸಾಕಾಯಿತು. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಹಾಗಾಗಿ ಅಪ್ಪನ ರೂಮಿನ ಮೇಲೆ ಬಳಿದದ್ದಾಯಿತು. ಅಜ್ಜಿಯ ರೂಮು ಹಾಗೇ ಉಳಿಯಿತು. ಡೌಟು ಎರಡೂ ರೂಮಿನಲ್ಲಿ ಒಂದೊಂದು ಥರ್ಮಾಮೀಟರ್ ಮೊಳೆಗೆ ತೂಗುಹಾಕಿದಳು.

"ವ್ಯತ್ಯಾಸ ಕಂಡ್ರೆ ಅಜ್ಜಿ ರೂಮಿಗೂ ಬಳಿಯೋಣ. ಇಲ್ಲಾಂದ್ರೆ ನಾನಂತೂ ಮತ್ತೆ ಏಣಿ ಹತ್ತಲ್ಲ," ಎಂದು ಅಪ್ಪ ಡೌಟುಗೆ ಹೇಳಿದ್ದ.

ದಿನಾ ಸಂಜೆ ಶಾಲೆಯಿಂದ ಬಂದ ಕೂಡಲೇ ನೋಡಿದರೆ ಅಜ್ಜಿಯ ರೂಮೇ ಹೆಚ್ಚು ತಂಪು! ಒಳಗೆ ಕಾಲಿಟ್ಟರೆ ಬೆವರು ಕಿತ್ತು ಬರುತ್ತಿತ್ತು, ಥರ್ಮಾಮೀಟರ್ ಮಾತ್ರ ಬೇರೆಯೇ ಹೇಳುತ್ತಿತ್ತು. ಯಾರೋ ಕೈಚಳಕ ತೋರಿಸುತ್ತಿದ್ದಾರೆ. ತಮ್ಮನಾ? ಏಣಿ ಹತ್ತಲು ಸೋಮಾರಿತನ ಅಂತ ಅಪ್ಪನೇ?

ಶನಿವಾರ ಶಾಲೆ ಸ್ವಲ್ಪ ಬೇಗ ಬಿಟ್ಟಿತು. ಡೌಟು ಚಪ್ಪಲಿ ಕೈಯಲ್ಲಿ ಹಿಡಿದು, ಬೆಕ್ಕಿನ ಹಾಗೆ ಒಳಗೆ ಬಂದು ಅಜ್ಜಿಯ ರೂಮಿನ ಬಾಗಿಲ ಹಿಂದೆ ನಿಂತಳು. ಇವತ್ತು ಕಳ್ಳ ಸಿಕ್ಕಿಬೀಳಲೇಬೇಕು.

ಅಜ್ಜಿ ಒದ್ದೆ ಟವೆಲ್ ಹೊದ್ದು, ಏದುಸಿರು ಬಿಡುತ್ತಾ ನೆಲದ ಮೇಲೆ ಮಲಗಿದ್ದಳು. ಸ್ವಲ್ಪ ಹೊತ್ತಿಗೆ, ಮೊಮ್ಮಗಳು ಬರುವ ಹೊತ್ತಾಯಿತೆಂಬಂತೆ ಗಡಿಯಾರ ನೋಡಿ ಮೆಲ್ಲಗೆ ಎದ್ದಳು. ಮೊಳೆಯಿಂದ ಥರ್ಮಾಮೀಟರ್ ತೆಗೆದಳು. ನೀರಿನ ಚೊಂಬಿನಲ್ಲಿ ಅದ್ದಿದಳು!

"ಅಜ್ಜೀ! ನೀನಾ?"

"ಅಯ್ಯೋ, ಮೆಲ್ಲಗೆ ಕಣೇ! ಅಪ್ಪ ಎದ್ದಾನು." ಅಜ್ಜಿಯ ಮುಖ ಸಣ್ಣಗಾಯಿತು. "ಇದರಲ್ಲಿ ಜಾಸ್ತಿ ತೋರಿಸಿದ್ರೆ ನಿಮ್ಮಪ್ಪ ಸುಮ್ನಿರ್ತಾನಾ? ತನ್ನ ರೂಮು ನನಗೆ ಬಿಟ್ಟು ತಾನು ಇಲ್ಲಿ ಬೇಯ್ತಾನೆ. ರಾತ್ರಿಯೆಲ್ಲ ಮೆಷಿನ್ ಮುಂದೆ ನಿಲ್ಲೋನಿಗೆ ಹಗಲು ನಿದ್ದೆ ಬೇಡ್ವಾ?"

"ಜಾಸ್ತಿ ತೋರಿಸಿದ್ರೆ ತಾನೆ ನಿನ್ನ ರೂಮಿಗೂ ಸುಣ್ಣ ಬಳಿಯೋದು!"

"ಹೌದಾ? ಯಾರೂ ಹೇಳ್ಲೇ ಇಲ್ವಲ್ಲೇ ನನಗೆ."

ಡೌಟು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೇಡಂ ಮಾಡಿದ ಪಾಠವನ್ನು ಅಪ್ಪನಿಗೆ ಹೇಳಿದ್ದಳು. ತಮ್ಮ ಬೇಡ ಬೇಡ ಅಂದರೂ ಹೇಳಿದ್ದಳು. ಪಕ್ಕದ ಮನೆ ಟೈಲರ್‌ನನ್ನೂ ಬಿಟ್ಟಿರಲಿಲ್ಲ. ಅಜ್ಜಿಗೆ ಹೇಳಿದ್ದು ಒಂದೇ ಮಾತು: "ಇದನ್ನ ಮುಟ್ಟಬೇಡ."

ಅವಳು ಅಜ್ಜಿಯ ಪಕ್ಕ ಕೂತಳು. ನೆಲ ಸುಡುತ್ತಿತ್ತು. ಪಾಠವನ್ನು ಮೊದಲಿನಿಂದ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಥರ್ಮಾಮೀಟರಿನ ಕೆಂಪು ಗೆರೆ ನಿಧಾನವಾಗಿ ಮೇಲೇರಿ, ಅಪ್ಪನ ರೂಮಿನಲ್ಲಿ ದಿನಾ ಕಾಣುತ್ತಿದ್ದ ಅಂಕಿಯನ್ನೂ ದಾಟಿ ಹೋಯಿತು.

"ಏರ್ತಿದೆ ನೋಡೇ! ನಿಮ್ಮ ಮೇಡಂ ಗೆದ್ರು!" ಅಜ್ಜಿಗೆ ಖುಷಿಯೋ ಖುಷಿ.

ಡೌಟುಗೆ ಅಳು ಬಂತು. ಇಷ್ಟು ದಿನವೂ ಅಜ್ಜಿ ಮಲಗಿದ್ದು ಈ ಬಿಸಿಯಲ್ಲೇ.

"ಹೊರಗೆ ಹೋಗಿ ಆಡ್ಕೋ ಹೋಗೇ, ಇಲ್ಲಿ ಬೆಂದುಹೋಗ್ತೀಯ," ಎಂದಳು ಅಜ್ಜಿ.

ಅಪ್ಪ ಎದ್ದು ಬರುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.