ಗುರುವಾರದ ಫೋನು

ಗುರುವಾರ ನಾಲ್ಕು ಗಂಟೆಯಾದರೆ ಸಾಕು, ನನ್ನ ಹೆಂಡತಿ ಅನ್ನದಾನಮ್ಮ ಕಟ್ಟುತ್ತಿದ್ದ ಮಲ್ಲಿಗೆ ಬಿಟ್ಟು ಏಳುತ್ತಾಳೆ. ಸೆರಗಿನಿಂದ ಮುಖ ಒರೆಸಿಕೊಂಡು, ಫೋನು ಹಿಡಿದು ಹಿತ್ತಲಿಗೆ ಹೋಗುತ್ತಾಳೆ. ಮುಖ ಯಾಕೆ ಒರೆಸಿಕೊಳ್ಳಬೇಕು? ಫೋನಿನಲ್ಲಿ ಕಾಣುತ್ತದೆಯೇ?

ಅತ್ತ ಕಡೆ ಕೌನ್ಸೆಲರ್ ಗವಿಸಿದ್ದೇಶ್. ಹೋದ ವರ್ಷ ಡಿಪ್ರೆಷನ್ ಬಂದು ಇವಳು ಎಂಟು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಈಗ ಗುಣವಾಗಿದೆ. ಮತ್ತೆ ಮರುಕಳಿಸಬಾರದೆಂದು ಆತ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಮಾತಾಡುತ್ತಾನೆ. ಒಳ್ಳೆಯ ಕೆಲಸವೇ. ಆದರೆ ಅವಳು ನಗುತ್ತಾಳೆ. ಆ ನಗುವಿಗೆ ಎಂಟು ತಿಂಗಳು ಕಾದವನು ನಾನು.

"ಏನಂತಾನ ಅವನು?"

"ಏನಿಲ್ರಿ. ನಿದ್ದಿ ಬಂತಾ, ಉಂಡ್ರಾ ಅಂತಾನ."

"ಅದನ್ನ ನಾ ಕೇಳಿದ್ರ ಮಾರಿ ತಿರುವ್ತಿ."

"ನೀವೆಲ್ಲಿ ಕೇಳ್ತೀರಿ, ಬೈತೀರಿ" ಎಂದು ಓರೆಗಣ್ಣಲ್ಲಿ ನೋಡಿದಳು.

ಹೋದ ಗುರುವಾರ ಅವಳು ನೀರಿಗೆ ಹೋಗಿದ್ದಳು. ನಾಲ್ಕಕ್ಕೆ ಮುಂಚೆಯೇ ಫೋನು ಬಂತು. ನಾನೇ ಎತ್ತಿದೆ. "ಆಕಿ ಆರಾಮದಾಳ. ಇನ್ನ ಫೋನ್ ಮಾಡಬ್ಯಾಡ್ರಿ."

ಅವಳಿಗೆ ಹೇಳಲಿಲ್ಲ. ಹೊತ್ತು ಮುಳುಗುವವರೆಗೆ ಹಿತ್ತಲ ಮೆಟ್ಟಿಲ ಮೇಲೆ ಫೋನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಶನಿವಾರ ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಮೊಳ ಹಾಕುವಾಗ ಹೂವು ಕೈಯಿಂದ ಉದುರಿತು. ಅವಳು ಕಟ್ಟಿದ ಗಂಟು ಸಡಿಲ. ಹೋದ ವರ್ಷವೂ ಮೊದಲು ಸಡಿಲಾದದ್ದು ಗಂಟೇ. ಊಟ, ಮಾತು ನಿಂತದ್ದೆಲ್ಲ ಆಮೇಲೆ. ಬುಟ್ಟಿ ಹೊತ್ತುಕೊಂಡು ಮನೆಗೆ ಓಡಿ, ಸಡಿಲಾದ ಮಾಲೆ ಅವಳ ಮುಂದಿಟ್ಟೆ.

"ಅನ್ನದಾನಿ, ಫೋನು ಬಂದಿತ್ತು. ನಾನಾ ಬ್ಯಾಡ ಅಂದೆ."

"ಯಾಕ್ರಿ?"

"ಹೊಟ್ಟಿಕಿಚ್ಚು."

"ಈ ವಯಸ್ನ್ಯಾಗ? ಆ ಹುಡುಗ ನಮ್ಮ ಮಗಳಿಗಿಂತ ಸಣ್ಣಾವ ಅದಾನ!" ಎಂದು ದಿಂಬಿನ ಕೆಳಗಿಂದ ನೋಟ್‌ಬುಕ್ ತೆಗೆದಳು. "ಬ್ಯಾನಿ ತಿರುಗಿ ಬರಾಕತ್ತಿದ್ರ ಮೊದ್ಲು ಯಾರಿಗೆ ಗೊತ್ತಾಕ್ಕತಿ ಅಂತ ಕೇಳಿದ್ದ. ಬರ್ದೀನಿ. ಓದ್ರಿ."

ನನಗೆ ಬರುವುದು ಸಹಿಯ ಅಕ್ಷರ ಮಾತ್ರ. ಪುಟದಲ್ಲಿ ಇದ್ದದ್ದೂ ಅವೇ. ಏಕಾಂತಪ್ಪ.

ನಲವತ್ತೊಂದು ವರ್ಷ ಗಂಡನ ಹೆಸರೆತ್ತದೆ, ರೇಷನ್ ಅಂಗಡಿಯಲ್ಲೂ ಪಕ್ಕದವರಿಂದ ಹೇಳಿಸಿದವಳು ಇವಳು.

"ಅವಗ ಬಾಯಿಬಿಟ್ಟು ಹೇಳಿದ್ಯಾ?"

"ಮತ್ತ? ಅದಕ್ಕಾ ಹಿತ್ತಲಕ್ಕ ಹೋಗ್ತಿದ್ದೆ."

ನಾನೇ ಫೋನು ಹಚ್ಚಿ ಕೈಗೆ ಕೊಟ್ಟೆ. ಹಿತ್ತಲ ಬಾಗಿಲವರೆಗೆ ಹೋದವಳು ತಿರುಗಿ ಬಂದು ನನ್ನ ಮಗ್ಗುಲಲ್ಲೇ ಕುಳಿತಳು. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರೂ ನನಗೆ ಕೇಳಿಸಿತು.

"ಸರ, ನನ್ನ ಗಂಟು ಸಡ್ಲಾಗ್ಯಾವ್ರಿ. ಏಕಾಂತಪ್ಪೋರು ನೋಡ್ಯಾರ."